ಹುಡುಕಾಟದ ಸಾಲುಗಳ ನಡುವೆ ಮನುಷ್ಯರು

ರಾತ್ರಿ 11:42. ‘ಹೊಲಿಗೆ ಯಂತ್ರ ದಾರ ಗಂಟು’. ಫಲಿತಾಂಶ 0.

11:42. ‘ದಾರ ಸಿಕ್ಕು’. ಫಲಿತಾಂಶ 0.

11:43. ‘ಬಟ್ಟೆ ಅಡಿ ದಾರ ಸಿಕ್ಕಾಗುತ್ತೆ’. ಫಲಿತಾಂಶ 0.

11:43. ‘ಬಾಬಿನ್’. ಫಲಿತಾಂಶ 3.

ಇದು ನಾನು ನೋಡಿಕೊಳ್ಳುವ ಒಂದು ಚಿಕ್ಕ ಜಾಲತಾಣದ ಹುಡುಕಾಟದ ಲಾಗ್. ಕೆಟ್ಟುಹೋದ ವಸ್ತುಗಳನ್ನು ಮನೆಯಲ್ಲೇ ಸರಿಮಾಡಿಕೊಳ್ಳುವುದು ಹೇಗೆ ಎಂಬ ಮಾಹಿತಿ ಅಲ್ಲಿದೆ. ಹೊಲಿಗೆ ಯಂತ್ರ, ಸೈಕಲ್, ಟೇಬಲ್ ಫ್ಯಾನ್, ಗೋಡೆ ಗಡಿಯಾರ, ಇಂಥವು. ಪುಟದ ಮೇಲುಗಡೆ ಒಂದು ಹುಡುಕುವ ಪೆಟ್ಟಿಗೆ ಇದೆ. ಅದರಲ್ಲಿ ಯಾರು ಏನು ಟೈಪ್ ಮಾಡಿದರೂ ಸರ್ವರ್ ಒಂದು ಸಾಲು ಬರೆದಿಡುತ್ತದೆ. ಎಷ್ಟು ಹೊತ್ತಿಗೆ, ಯಾವ ಪದ, ಎಷ್ಟು ಫಲಿತಾಂಶ. ಅಷ್ಟೇ.

ಆದರೆ ಆ ನಾಲ್ಕು ಸಾಲು ಓದಿದಾಗ ನನಗೆ ಯಾರೋ ಒಬ್ಬರು ಕಣ್ಣಿಗೆ ಕಟ್ಟುತ್ತಾರೆ. ರಾತ್ರಿ ಹೊತ್ತು ಯಂತ್ರದ ಮುಂದೆ ಕೂತಿದ್ದಾರೆ. ಬಟ್ಟೆ ತಿರುಗಿಸಿ ನೋಡಿದರೆ ಅಡಿಯಲ್ಲಿ ದಾರ ಗುಪ್ಪೆಯಾಗಿದೆ. ಮೊದಲು ಸಮಸ್ಯೆಯನ್ನು ತಮ್ಮ ಮಾತಿನಲ್ಲಿ ಹೇಳಿದರು. ಏನೂ ಸಿಗಲಿಲ್ಲ. ಬೇರೆ ಪದ ಹಾಕಿದರು. ಆಮೇಲೆ ಪೂರ್ತಿ ವಾಕ್ಯವನ್ನೇ ಬರೆದರು. ಕೊನೆಗೆ, ತಪ್ಪು ಅಡಿಯ ದಾರ ಸುತ್ತಿರುವ ಚಿಕ್ಕ ಉರುಳೆಯಲ್ಲೇ, ಅಂದರೆ ಬಾಬಿನ್‌ನಲ್ಲೇ ಇರಬೇಕು ಅಂತ ತಾವೇ ಊಹಿಸಿ ಅದನ್ನು ಹುಡುಕಿದರು. ಅಲ್ಲಿ ಮೂರು ಪುಟ ಸಿಕ್ಕವು.

ಬೇಜಾರಿನ ವಿಷಯ ಅಂದರೆ, ಬಟ್ಟೆಯ ಅಡಿಯಲ್ಲಿ ದಾರ ಗುಪ್ಪೆಯಾದರೆ ತಪ್ಪು ಸಾಮಾನ್ಯವಾಗಿ ಬಾಬಿನ್‌ನದ್ದಲ್ಲ. ಮೇಲಿನ ದಾರದ್ದು. ಅದು ದಾರವನ್ನು ಬಿಗಿಯಾಗಿ ಹಿಡಿಯುವ ಟೆನ್ಷನ್ ತಟ್ಟೆಗಳ ನಡುವೆ ಸರಿಯಾಗಿ ಕೂತಿರುವುದಿಲ್ಲ. ಬಟ್ಟೆಯನ್ನು ಒತ್ತಿ ಹಿಡಿಯುವ ಯಂತ್ರದ ಪಾದವನ್ನು ಮೇಲೆತ್ತಿ, ದಾರವನ್ನು ಮೊದಲಿಂದ ಪೋಣಿಸಿದರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಅದನ್ನು ವಿವರಿಸುವ ಪುಟ ನಮ್ಮಲ್ಲಿ ಇತ್ತು. ಆದರೆ ಅದರಲ್ಲಿ ‘ಗಂಟು’ ಅನ್ನುವ ಪದ ಇರಲಿಲ್ಲ. ‘ಸಿಕ್ಕು’ ಇರಲಿಲ್ಲ. ‘ಮೇಲ್ದಾರದ ಬಿಗಿತ ಸರಿಪಡಿಸುವುದು’ ಅಂತ ಇತ್ತು. ಗೊತ್ತಿರುವವರು ಬರೆಯುವ ಪದ ಒಂದು, ಗೊತ್ತಿಲ್ಲದೆ ಒದ್ದಾಡುವವರು ಕೇಳುವ ಪದ ಇನ್ನೊಂದು. ಈ ಎರಡರ ನಡುವಿನ ಅಂತರ ನನಗೆ ಕಾಣುವುದು ಹುಡುಕಾಟದ ಲಾಗ್‌ನಲ್ಲಿ ಮಾತ್ರ. ಉತ್ತರ ಸಿಗದೆ ಹೋದವರು ಯಾರೂ ಮತ್ತೆ ಬಂದು ಪತ್ರ ಬರೆಯುವುದಿಲ್ಲ. ಸುಮ್ನೆ ಕಿಟಕಿ ಮುಚ್ಚಿ ಎದ್ದು ಹೋಗುತ್ತಾರೆ. ಹಿಂದೆ ಉಳಿಯುವುದು ಸೊನ್ನೆ ಫಲಿತಾಂಶದ ಒಂದೆರಡು ಸಾಲು.

ಅದಕ್ಕೇ ಆ ಸಾಲುಗಳೆಂದರೆ ನನಗೆ ಅಷ್ಟು ಅಕ್ಕರೆ. ಅದಕ್ಕೇ ಬಾಟ್‌ಗಳು, ಅಂದರೆ ಮನುಷ್ಯರಿಲ್ಲದೆ ತಾವಾಗಿಯೇ ತಾಣದಿಂದ ತಾಣಕ್ಕೆ ಹೋಗುವ ತಂತ್ರಾಂಶಗಳು, ಅಲ್ಲಿಗೆ ನುಗ್ಗಿದಾಗ ನನಗೆ ಅಷ್ಟು ನೋವಾಯಿತು.

ಶುರುವಾದಾಗ ನನಗೆ ಗೊತ್ತೇ ಆಗಲಿಲ್ಲ. ಹುಡುಕಾಟದ ಸಂಖ್ಯೆ ಏರುತ್ತಾ ಹೋಯಿತು. ಜನ ಜಾಸ್ತಿ ಬರುತ್ತಿದ್ದಾರೆ ಅಂತ ಖುಷಿಪಟ್ಟೆ. ಮುಖಪುಟದಲ್ಲಿ ‘ಈ ವಾರ ಜನ ಹೆಚ್ಚು ಹುಡುಕಿದ್ದು’ ಅಂತ ಒಂದು ಪಟ್ಟಿ ಇಟ್ಟಿದ್ದೆ. ಲಾಗ್‌ನಿಂದ ತಾನಾಗಿಯೇ ಪದಗಳನ್ನು ಎತ್ತಿಕೊಂಡು ತೋರಿಸುವ ಪಟ್ಟಿ. ಒಂದು ದಿನ ಓದುಗರೊಬ್ಬರು ಪತ್ರ ಬರೆದರು. ‘ನಿಮ್ಮ ಮುಖಪುಟದಲ್ಲಿ ಜೂಜಿನ ಜಾಹೀರಾತು ಬರ್ತಿದೆ. ನನ್ನ ಮಗ ಕೂಡ ಈ ಪುಟ ನೋಡ್ತಾನೆ. ದಯವಿಟ್ಟು ಗಮನಿಸಿ.’ ಹೋಗಿ ನೋಡಿದೆ. ಆ ಪಟ್ಟಿಯ ಐದು ಸಾಲುಗಳಲ್ಲಿ ನಾಲ್ಕು ಜೂಜಿನ ತಾಣಗಳ ವಿಳಾಸಗಳು. ಐದನೆಯದು ‘ಸೈಕಲ್ ಚೈನ್’.

ಆ ದಿನ ಪಟ್ಟಿಯನ್ನು ತೆಗೆದುಹಾಕಿದೆ. ಆಮೇಲೆ ಕೂತು ಲಾಗ್ ಬಿಚ್ಚಿ, ಸಾಲು ಸಾಲಾಗಿ ಓದಿದೆ.

ಜಾಹೀರಾತಿನ ಸಾಲುಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದವು. ಒಂದು ಆಮಿಷ, ಒಂದು ಜಾಲತಾಣದ ವಿಳಾಸ, ಒಂದು ಮೆಸೇಜ್ ಆ್ಯಪ್‌ನ ಹೆಸರು, ಜೊತೆಗೆ ನಾಲ್ಕಾರು ಚಿತ್ರವಿಚಿತ್ರ ಆವರಣ ಚಿಹ್ನೆ. ಮೊದಲಿಗೆ ನನಗೆ ಅರ್ಥವೇ ಆಗಲಿಲ್ಲ. ಹುಡುಕುವ ಪೆಟ್ಟಿಗೆಯಲ್ಲಿ ಜಾಹೀರಾತು ಬರೆದರೆ ಓದುವವರು ಯಾರು? ಆಮೇಲೆ ಹೊಳೆಯಿತು. ಯಾರಾದರೂ ಏನಾದರೂ ಹುಡುಕಿದರೆ, ನಮ್ಮ ಫಲಿತಾಂಶದ ಪುಟ ಆ ಪದಗಳನ್ನೇ ತನ್ನ ತಲೆಬರಹದಲ್ಲಿ ಹಾಕಿಕೊಳ್ಳುತ್ತಿತ್ತು. ‘“ಇಂಥದ್ದು” ಹುಡುಕಾಟದ ಫಲಿತಾಂಶ’ ಅಂತ. ಆ ಪುಟಕ್ಕೆ ತನ್ನದೇ ಆದ ವಿಳಾಸವೂ ಇರುತ್ತದೆ. ಸ್ಪ್ಯಾಮ್ ಮಾಡುವವರು ಆ ವಿಳಾಸವನ್ನು ಬೇರೆ ಕಡೆಗಳಲ್ಲಿ ಲಿಂಕ್ ಆಗಿ ಹಂಚುತ್ತಾರೆ. ಗೂಗಲ್‌ನಂಥ ಸರ್ಚ್ ಎಂಜಿನ್ ಆ ಲಿಂಕ್ ಹಿಡಿದು ಬರುತ್ತದೆ, ಪುಟವನ್ನು ಓದುತ್ತದೆ, ತನ್ನ ಪಟ್ಟಿಗೆ ಸೇರಿಸಿಕೊಳ್ಳುತ್ತದೆ. ಆಮೇಲೆ ಅಲ್ಲಿ ಹುಡುಕುವವರಿಗೆ ಜೂಜಿನ ಜಾಹೀರಾತು ನಮ್ಮ ಹೆಸರಿನ ಕೆಳಗೆ ಕಾಣಿಸುತ್ತದೆ. ವರ್ಷಗಟ್ಟಲೆ ಕಷ್ಟಪಟ್ಟು ಗಳಿಸಿದ ಹೆಸರನ್ನು ಯಾರೋ ಕೇಳದೆಯೇ ಗೋಡೆಯ ಹಾಗೆ ಬಳಸಿ ಪೋಸ್ಟರ್ ಅಂಟಿಸಿ ಹೋಗುತ್ತಿದ್ದಾರೆ. ನಮ್ಮಲ್ಲಿ ಫಲಿತಾಂಶ ಸೊನ್ನೆ ಬಂದರೂ ಅವರಿಗೆ ಚಿಂತೆಯಿಲ್ಲ. ಅವರಿಗೆ ಬೇಕಾದ್ದು ಉತ್ತರವಲ್ಲ, ತಲೆಬರಹ.

ಇನ್ನೊಂದು ಬಗೆಯ ಸಾಲುಗಳು ಬಾಗಿಲು ತಟ್ಟುವಂಥವು. ಒಂದು ಪದದ ಕೊನೆಗೆ ಒಂಟಿ ಉದ್ಧರಣ ಚಿಹ್ನೆ ಹಾಕಿ, ‘ಅಥವಾ ಒಂದು ಸಮ ಒಂದು’ ಎನ್ನುವ ಅರ್ಥದ, ತಾಣದ ಮಾಹಿತಿಯೆಲ್ಲ ಇರುವ ಡೇಟಾಬೇಸಿನ ಭಾಷೆಯ ತುಣುಕು. ಅಥವಾ ‘15 ಸೆಕೆಂಡ್ ನಿದ್ದೆ ಮಾಡು’ ಅನ್ನುವ ಆಜ್ಞೆ. ನಮ್ಮ ಸರ್ವರ್ ನಿಜವಾಗಿ 15 ಸೆಕೆಂಡ್ ತಡವಾಗಿ ಉತ್ತರ ಕೊಟ್ಟರೆ, ಹುಡುಕುವ ಪೆಟ್ಟಿಗೆಯಲ್ಲಿ ಬರೆದದ್ದು ಸೀದಾ ಡೇಟಾಬೇಸಿಗೆ ಹೋಗುತ್ತಿದೆ, ತಮಗೆ ಬೇಕಾದ ಆಜ್ಞೆ ಕೊಟ್ಟು ನೋಡಬಹುದು ಅಂತ ಬಾಟ್ ಕಳಿಸಿದವರಿಗೆ ಗೊತ್ತಾಗುತ್ತದೆ. ಒಂದೊಂದು ಬಾಟ್ ಇಂಥ ನೂರಾರು ಸಾಲುಗಳನ್ನು ಒಂದರ ಹಿಂದೆ ಒಂದು ಎಸೆದು ಹೋಗುತ್ತದೆ.

ಇವುಗಳಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಡಾಲರ್ ಗುರುತಿನಿಂದ ಶುರುವಾಗುವ ಸಾಲುಗಳು. ಡಾಲರ್ ಗುರುತು, ಒಂದು ಆವರಣ, ಒಳಗೆ ‘ಜೆಎನ್‌ಡಿಐ’ ಅನ್ನುವ ನಾಲ್ಕು ಅಕ್ಷರ, ಆಮೇಲೆ ಎಲ್ಲಿಯದೋ ಒಂದು ವಿಳಾಸ. 2021ರ ಡಿಸೆಂಬರ್‌ನಲ್ಲಿ ಬಯಲಾದ ‘ಲಾಗ್4ಶೆಲ್’ ಎಂಬ ದೋಷದ ಗುರುತು ಇದು. ಜಾವಾ ಭಾಷೆಯಲ್ಲಿ ಬರೆದ ಲೆಕ್ಕವಿಲ್ಲದಷ್ಟು ತಂತ್ರಾಂಶಗಳು ಲಾಗ್ ಬರೆಯಲು ‘ಲಾಗ್4ಜೆ’ ಅನ್ನುವ ಒಂದೇ ಸಲಕರಣೆಯನ್ನು ಬಳಸುತ್ತಿದ್ದವು. ಅದು ಲಾಗ್‌ಗೆ ಬಂದ ಬರಹವನ್ನು ಸುಮ್ಮನೆ ಬರೆದಿಟ್ಟುಕೊಳ್ಳುವ ಬದಲು, ಅದರೊಳಗಿನ ಈ ವಿಶೇಷ ತುಣುಕನ್ನು ಆಜ್ಞೆ ಅಂತ ತಿಳಿದು ಪಾಲಿಸುತ್ತಿತ್ತು. ದಾಳಿಕೋರರು ಕೊಟ್ಟ ವಿಳಾಸಕ್ಕೆ ತಾನೇ ಹೋಗಿ, ಅಲ್ಲಿಂದ ಕೋಡ್ ತಂದು ಓಡಿಸುತ್ತಿತ್ತು. ಅಪಾಯದ ಅಳತೆಯಲ್ಲಿ ಅದಕ್ಕೆ 10ಕ್ಕೆ 10 ಅಂಕ ಸಿಕ್ಕಿತ್ತು. ಹುಡುಕುವ ಪೆಟ್ಟಿಗೆಯಲ್ಲಿ ಒಂದು ಸಾಲು ಬರೆದರೆ ಸಾಕು, ಅದು ಲಾಗ್‌ಗೆ ಇಳಿದ ಕ್ಷಣವೇ ಕೆಲಸ ಮುಗಿಯಿತು. ನಮ್ಮಲ್ಲಿ ಜಾವಾ ಇರಲಿಲ್ಲ. ಆದರೂ ಆ ಸಾಲುಗಳು ಬಂದವು, ಈಗಲೂ ಬರುತ್ತವೆ. ಬಾಟ್‌ಗೆ ಯಾವ ಮನೆಯಲ್ಲಿ ಏನಿದೆ ಅಂತ ಗೊತ್ತಿರುವುದಿಲ್ಲ. ಎಲ್ಲ ಬಾಗಿಲನ್ನೂ ತಳ್ಳಿ ನೋಡುತ್ತದೆ.

ಅದನ್ನು ಓದಿದ ಮೇಲೆ ನಾನು ಲಾಗ್ ನೋಡುವ ನನ್ನ ಸ್ವಂತ ಪುಟವನ್ನು ಪರೀಕ್ಷಿಸಿದೆ. ಹುಡುಕಿದ ಪದವನ್ನು ಅದು ಇದ್ದ ಹಾಗೆಯೇ ಪುಟದಲ್ಲಿ ಸುರಿಯುತ್ತಿತ್ತು. ಯಾರಾದರೂ ಹುಡುಕುವ ಪೆಟ್ಟಿಗೆಯಲ್ಲಿ ಸ್ಕ್ರಿಪ್ಟ್, ಅಂದರೆ ಬ್ರೌಸರ್ ಓಡಿಸುವ ಕೋಡ್ ಬರೆದಿದ್ದರೆ, ಬೆಳಿಗ್ಗೆ ನಾನು ಲಾಗ್ ಓದಲು ಕೂತಾಗ ಅದು ನನ್ನ ಬ್ರೌಸರ್‌ನಲ್ಲೇ, ನನ್ನ ಅಧಿಕಾರದಲ್ಲೇ ಓಡುತ್ತಿತ್ತು. ಅವತ್ತೇ ಸರಿಮಾಡಿದೆ. ಲಾಗ್ ಇಟ್ಟುಕೊಂಡವರು ಯಾರೇ ಇರಲಿ, ಇದೊಂದನ್ನು ಇವತ್ತೇ ನೋಡಿಕೊಳ್ಳಿ. ಅಲ್ಲಿರುವುದು ಅಪರಿಚಿತರು ಬರೆದ ಬರಹ. ಅದನ್ನು ಬರಹವಾಗಿ ಮಾತ್ರ ತೋರಿಸಬೇಕು.

ಮೂರನೆಯ ಬಗೆ ಬರೀ ಅಲೆಮಾರಿ ಬಾಟ್‌ಗಳದ್ದು. ಪುಟದಲ್ಲಿ ಕಂಡ ಲಿಂಕನ್ನೆಲ್ಲ ಹಿಡಿದು ಹೋಗುವಂಥವು. ಹುಡುಕಾಟದ ಫಲಿತಾಂಶವನ್ನು ‘ಹೊಸದು ಮೊದಲು’, ‘ಹಳೆಯದು ಮೊದಲು’, ‘ಎರಡನೇ ಪುಟ’ ಅಂತೆಲ್ಲ ತಿರುಗಿಸಿ ತಿರುಗಿಸಿ ಕೇಳುತ್ತವೆ. ಇವುಗಳಲ್ಲಿ ಕೆಡುಕು ಇಲ್ಲ, ಆದರೆ ಭಾರ ಇದೆ. ಸಾಮಾನ್ಯ ಪುಟವನ್ನು ಒಮ್ಮೆ ಸಿದ್ಧಮಾಡಿ ಎಲ್ಲರಿಗೂ ಅದನ್ನೇ ಕೊಡಬಹುದು. ಹುಡುಕಾಟಕ್ಕೆ ಹಾಗೆ ಮಾಡಲಾಗುವುದಿಲ್ಲ. ಪ್ರತಿ ಪ್ರಶ್ನೆಗೂ ಡೇಟಾಬೇಸ್ ಮತ್ತೆ ಮೈಮುರಿದು ಕೆಲಸ ಮಾಡಬೇಕು.

ಸರಿ, ಇವರನ್ನೆಲ್ಲ ಓಡಿಸಬೇಕು ಅಂತ ಹೊರಟೆ. ಮುಂದಿನ ಕೆಲವು ತಿಂಗಳು ನಾನು ಮಾಡಿದ ತಪ್ಪುಗಳನ್ನು ಬಿಚ್ಚಿಯೇ ಹೇಳುತ್ತೇನೆ. ಏಕೆಂದರೆ ಅವು ಮನುಷ್ಯರಿಗೆ ತಗುಲಿದ ತಪ್ಪುಗಳು.

ಮೊದಲು ಐಪಿ ವಿಳಾಸಗಳನ್ನು, ಅಂದರೆ ಜಾಲದಲ್ಲಿ ಒಂದೊಂದು ಸಂಪರ್ಕವನ್ನು ಗುರುತಿಸುವ ಸಂಖ್ಯೆಗಳನ್ನು, ಬ್ಲಾಕ್ ಮಾಡಿದೆ. ಇವತ್ತು ಹತ್ತು ಬ್ಲಾಕ್ ಮಾಡಿದರೆ ನಾಳೆ ನೂರು ಹೊಸ ವಿಳಾಸ. ಹಳೆಯ ಪದ್ಧತಿಯಾದ ಐಪಿವಿ4ರಲ್ಲಿ ಒಟ್ಟು ಸುಮಾರು 430 ಕೋಟಿ ವಿಳಾಸಗಳಿವೆ. ಹೊಸ ಪದ್ಧತಿ ಐಪಿವಿ6ರಲ್ಲಿ ಒಂದೇ ಒಂದು ಮನೆಯ ಸಂಪರ್ಕಕ್ಕೆ ಸಿಗುವ ವಿಳಾಸಗಳೇ ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ. ಬಾಟ್ ನಡೆಸುವವರು ಸಾಮಾನ್ಯ ಜನರ ಮನೆಯ ಸಂಪರ್ಕಗಳ ಮೂಲಕವೂ ಬರುತ್ತಾರೆ. ಆ ಮನೆಯವರಿಗೆ ಅದು ಗೊತ್ತಿರುವುದೂ ಅಪರೂಪ. ಇನ್ನೊಂದು ಕಡೆ, ಮೊಬೈಲ್ ಜಾಲಗಳಲ್ಲಿ ನೂರಾರು ಜನ ಒಂದೇ ಐಪಿವಿ4 ವಿಳಾಸವನ್ನು ಹಂಚಿಕೊಂಡಿರುತ್ತಾರೆ. ನಾನು ಒಂದು ಬಾಟ್ ಅಂತ ಬ್ಲಾಕ್ ಮಾಡಿದ ವಿಳಾಸದ ಹಿಂದೆ ಎಷ್ಟು ಜನರಿದ್ದರೋ, ಲೆಕ್ಕ ಇಡಲು ಸಾಧ್ಯವೇ ಇಲ್ಲ.

ಬರುವವರು ತಾವು ಯಾರು ಅಂತ ಹೇಳಿಕೊಳ್ಳುವ ಒಂದು ಸಾಲೂ ಇರುತ್ತದೆ, ‘ಯೂಸರ್ ಏಜೆಂಟ್’ ಅಂತ. ಅದನ್ನು ನಂಬಿ ವಿಂಗಡಿಸಲು ನೋಡಿದೆ. ಆದರೆ ಅದು ಅವರವರೇ ಬರೆದುಕೊಳ್ಳುವ ಹೆಸರು. ಗೂಗಲ್‌ನ ಬಾಟ್ ಅಂತ ಹೇಳಿಕೊಂಡು ಬಂದವರಲ್ಲಿ ಎಷ್ಟೋ ಜನ ಗೂಗಲ್ ಅಲ್ಲ. ಅದನ್ನು ಪರೀಕ್ಷಿಸಲು ದಾರಿ ಇದೆ. ಐಪಿ ವಿಳಾಸದಿಂದ ಹೆಸರನ್ನು ಹುಡುಕಿ, ಅದು ಗೂಗಲ್‌ನದ್ದೇ ಅಂತ ಖಚಿತಪಡಿಸಿಕೊಂಡು, ಆ ಹೆಸರಿನಿಂದ ಮತ್ತೆ ವಿಳಾಸವನ್ನು ಹುಡುಕಿ, ಎರಡೂ ತಾಳೆಯಾಗುತ್ತವೆಯೇ ಅಂತ ನೋಡಬೇಕು. ಒಳ್ಳೆಯ ಬಾಟ್‌ಗಳನ್ನು ಗುರುತಿಸಲು ಇದು ಸಾಕು. ಕೆಟ್ಟವು ತಮ್ಮ ನಿಜ ಹೆಸರು ಹೇಳುವುದೇ ಇಲ್ಲವಲ್ಲ.

ಆಮೇಲೆ ಫಿಲ್ಟರ್ ಬರೆದೆ. ಇಲ್ಲಿ ನಾನು ಮಾಡಿದ ತಪ್ಪು ದೊಡ್ಡದು.

ಬಾಟ್‌ಗಳ ಸಾಲುಗಳು ಉದ್ದ ಇರುತ್ತಿದ್ದವು. ಹಾಗಾಗಿ 100 ಚಿಹ್ನೆಗಿಂತ ಉದ್ದದ ಹುಡುಕಾಟವನ್ನು ತಿರಸ್ಕರಿಸು ಅಂತ ಒಂದು ನಿಯಮ ಹಾಕಿದೆ. ನೂರು ಚಿಹ್ನೆಯ ಹುಡುಕಾಟ ಯಾರು ಮಾಡುತ್ತಾರೆ, ಅಲ್ವಾ? ಆದರೆ ನನ್ನ ನಿಯಮ ಎಣಿಸುತ್ತಿದ್ದದ್ದು ಜನ ಬರೆದ ಅಕ್ಷರಗಳನ್ನಲ್ಲ, ಹುಡುಕಾಟದ ಪುಟದ ವಿಳಾಸದಲ್ಲಿ ಕಾಣುವ ಚಿಹ್ನೆಗಳನ್ನು. ಕನ್ನಡದ ಒಂದೊಂದು ಸಂಕೇತಕ್ಕೂ, ಕಂಪ್ಯೂಟರ್ ಅಕ್ಷರಗಳನ್ನು ಬರೆದಿಡುವ ಪದ್ಧತಿಯಾದ ಯುಟಿಎಫ್-8ರಲ್ಲಿ ಮೂರು ಬೈಟ್ ಬೇಕು. ಜಾಲದ ವಿಳಾಸದಲ್ಲಿ ಒಂದೊಂದು ಬೈಟನ್ನೂ ಒಂದು ಶೇಕಡಾ ಗುರುತು ಮತ್ತು ಎರಡು ಚಿಹ್ನೆಗಳಾಗಿ ಬರೆಯುತ್ತಾರೆ. ಅಂದರೆ ‘ಕ’ ಅನ್ನುವ ಒಂದೇ ಅಕ್ಷರ ಒಂಬತ್ತು ಚಿಹ್ನೆ ಆಗುತ್ತದೆ. ‘ಕನ್ನಡ’ ಅಂತ ಬರೆದರೆ ಕಣ್ಣಿಗೆ ಮೂರು ಅಕ್ಷರ, ಒಳಗೆ ಐದು ಸಂಕೇತ, ವಿಳಾಸದಲ್ಲಿ 45 ಚಿಹ್ನೆ. ‘ಹೊಲಿಗೆ ಯಂತ್ರ’ ಅಂತ ಬರೆದು ಮುಗಿಸುವಷ್ಟರಲ್ಲಿ 100 ಆಗಿಹೋಗುತ್ತದೆ. ‘ದಾರ’ ಅಂತ ಇನ್ನೊಂದು ಪದ ಸೇರಿಸಿದರೆ ನನ್ನ ಫಿಲ್ಟರ್ ಅವರನ್ನು ಬಾಟ್ ಅಂತ ಹೊರಗೆ ತಳ್ಳುತ್ತಿತ್ತು. ಇಂಗ್ಲಿಷ್‌ನಲ್ಲಿ ಬರೆದವರಿಗೆ ಮಾತ್ರ ಒಂದು ಉದ್ದನೆಯ ವಾಕ್ಯ ಬರೆಯುವಷ್ಟು ಜಾಗ.

ಅಷ್ಟೇ ಅಲ್ಲ. ಸ್ಪ್ಯಾಮ್ ಮಾಡುವವರು ಫಿಲ್ಟರ್ ತಪ್ಪಿಸಿಕೊಳ್ಳಲು ಪದಗಳ ನಡುವೆ ಕಣ್ಣಿಗೆ ಕಾಣದ ಚಿಹ್ನೆಗಳನ್ನು ಸೇರಿಸುತ್ತಾರೆ. ಅಗಲವೇ ಇಲ್ಲದ ಚಿಹ್ನೆಗಳು. ಹಾಗಾಗಿ ಅಂಥ ಚಿಹ್ನೆ ಇರುವ ಹುಡುಕಾಟವೆಲ್ಲ ಬಾಟ್ ಅಂತ ಎರಡನೇ ನಿಯಮ ಹಾಕಿದೆ. ಕನ್ನಡ ಟೈಪ್ ಮಾಡುವವರಿಗೆ ಈಗಾಗಲೇ ಗೊತ್ತಾಗಿರುತ್ತದೆ, ಏನಾಯಿತು ಅಂತ. ‘ಬಾಬಿನ್‌ನಲ್ಲಿ’ ಅಂತ ಬರೆಯುವಾಗ ‘ನ್’ ಮತ್ತು ‘ನ’ ಸೇರಿ ಒತ್ತಕ್ಷರ ಆಗದಿರಲು ನಡುವೆ ಒಂದು ಕಾಣದ ಚಿಹ್ನೆ ಬೇಕು. ‘ರ‍್ಯಾಂಕ್’ ಅಂತ ಬರೆಯಲು ಇನ್ನೊಂದು ಬೇಕು. ಈ ಚಿಹ್ನೆಗಳಿಲ್ಲದೆ ನಮ್ಮ ಭಾಷೆಯನ್ನು ಸರಿಯಾಗಿ ಬರೆಯಲು ಆಗುವುದೇ ಇಲ್ಲ. ಎಷ್ಟೋ ಸಲ ಕೀಲಿಮಣೆ ಅವನ್ನು ತಾನಾಗಿಯೇ ಹಾಕಿರುತ್ತದೆ, ಬರೆದವರಿಗೆ ಗೊತ್ತೂ ಇರುವುದಿಲ್ಲ. ಅಂದರೆ ಕನ್ನಡವನ್ನು ಚೆನ್ನಾಗಿ, ಸರಿಯಾಗಿ ಬರೆದವರನ್ನೇ ಆರಿಸಿ ಆರಿಸಿ ನಾನು ಹೊರಗೆ ಹಾಕುತ್ತಿದ್ದೆ. ಹನ್ನೆರಡು ದಿನ ಹೀಗೆ ನಡೆಯಿತು. ಲಾಗ್ ಸ್ವಚ್ಛವಾಗಿ ಕಾಣುತ್ತಿತ್ತು. ಅದನ್ನು ನೋಡಿ ನಾನು ನೆಮ್ಮದಿಯಿಂದ ಇದ್ದೆ.

ಗೊತ್ತಾದದ್ದು ಹೇಗೆಂದರೆ, ತಿರಸ್ಕರಿಸಿದ ಸಾಲುಗಳನ್ನು ನಾನು ಅಳಿಸಿರಲಿಲ್ಲ. ಬೇರೆ ಒಂದು ಕಡತಕ್ಕೆ ಹಾಕಿದ್ದೆ. ಒಂದು ಸಂಜೆ ಸುಮ್ನೆ ತೆರೆದು ನೋಡಿದೆ. ಶೇಕಡಾ ಗುರುತುಗಳ ದೊಡ್ಡ ದೊಡ್ಡ ಗುಡ್ಡೆ, ಕಸದ ಹಾಗೇ ಕಾಣುತ್ತಿತ್ತು. ಅದನ್ನು ಅಕ್ಷರಕ್ಕೆ ತಿರುಗಿಸಿದೆ. ‘ಗಡಿಯಾರದ ಸೆಕೆಂಡ್ ಮುಳ್ಳು ಒಂದೇ ಕಡೆ ಅಲ್ಲಾಡ್ತಿದೆ’. ‘ಫ್ಯಾನ್ ಕೈಯಲ್ಲಿ ತಿರುಗಿಸಿದರೆ ಮಾತ್ರ ಶುರುವಾಗುತ್ತೆ’. ಇಂಥವು, ಪುಟಗಟ್ಟಲೆ. ಓದುತ್ತಾ ಹೋದ ಹಾಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಗಡಿಯಾರದ್ದು ಬ್ಯಾಟರಿ ಇಳಿದುಹೋಗಿರುವ ಲಕ್ಷಣ. ಫ್ಯಾನಿನದ್ದು ಹೆಚ್ಚಾಗಿ ಕೆಪಾಸಿಟರ್ ಸೋತಿರುವ ಲಕ್ಷಣ. ಎರಡಕ್ಕೂ ನಮ್ಮಲ್ಲಿ ಒಳ್ಳೆಯ ಪುಟಗಳಿದ್ದವು. ಕೇಳಿದವರಿಗೆ ಸಿಕ್ಕಿದ್ದು ಮಾತ್ರ ‘ನಿಮ್ಮ ಕೋರಿಕೆಯನ್ನು ನಿರಾಕರಿಸಲಾಗಿದೆ’ ಅನ್ನುವ ಒಂದು ಬಿಳಿ ಪುಟ.

ವೇಗದ ಮಿತಿಯದ್ದೂ ಇದೇ ಕಥೆ. ಒಬ್ಬರಿಂದ ಒಂದು ನಿಮಿಷದಲ್ಲಿ ಐದಕ್ಕಿಂತ ಹೆಚ್ಚು ಹುಡುಕಾಟ ಬಂದರೆ 429 ಅನ್ನುವ ಉತ್ತರ ಕಳಿಸು ಅಂತ ಹಾಕಿದ್ದೆ. ‘ಅತಿಯಾಗಿ ಕೇಳುತ್ತಿದ್ದೀರಿ, ಸ್ವಲ್ಪ ತಡೆಯಿರಿ’ ಎಂದು ಹೇಳಲೆಂದೇ 2012ರಲ್ಲಿ ನಿಗದಿ ಮಾಡಿದ ಸಂಖ್ಯೆ ಅದು. ಆದರೆ ಯಾರು ಬೇಗ ಬೇಗ ಹುಡುಕುತ್ತಾರೆ? ಬಾಟ್‌ಗಳು, ಮತ್ತು ಉತ್ತರ ಸಿಗದೆ ಕಂಗಾಲಾದವರು. ಮೇಲೆ ಹೇಳಿದ ದಾರದ ಹುಡುಕಾಟವನ್ನೇ ನೋಡಿ. ಎರಡು ನಿಮಿಷದೊಳಗೆ ನಾಲ್ಕು ಸಲ. ಅವರು ಇನ್ನೆರಡು ಪದ ಪ್ರಯತ್ನಿಸಿದ್ದರೆ ನನ್ನ ಮಿತಿಗೆ ಸಿಕ್ಕಿಬೀಳುತ್ತಿದ್ದರು. ಹಾಗೆ ಸಿಕ್ಕಿಬಿದ್ದವರನ್ನೂ ಲಾಗ್‌ನಲ್ಲಿ ಕಂಡೆ. ಐದು ಸೊನ್ನೆ ಫಲಿತಾಂಶ, ಆಮೇಲೆ ಎರಡು 429, ಆಮೇಲೆ ಏನೂ ಇಲ್ಲ.

ಬಂದವರು ಮನುಷ್ಯರೋ ಬಾಟೋ ಅಂತ ಪರೀಕ್ಷಿಸುವ ಕ್ಯಾಪ್ಚಾ ಹಾಕು ಅಂತ ಹಲವರು ಹೇಳಿದರು. ಹಾಕಲಿಲ್ಲ. ಒಂದು ಪದ ಹುಡುಕಲು ಬಂದವರ ಕೈಯಲ್ಲಿ ಚಿತ್ರಗಳನ್ನು ಆರಿಸುವ ಪರೀಕ್ಷೆ ಮಾಡಿಸುವುದು ನನಗೆ ಒಪ್ಪಿಗೆಯಿಲ್ಲ. ಕಣ್ಣು ಕಾಣದವರಿಗೆ ಅದು ಇನ್ನೂ ಕಷ್ಟ.

ಈ ಎಲ್ಲ ತಪ್ಪುಗಳಾದ ಮೇಲೆ ನಾನು ಕೇಳಿಕೊಳ್ಳುವ ಪ್ರಶ್ನೆಯೇ ಬದಲಾಯಿತು. ಬಾಟ್ ಒಳಗೆ ಬಾರದ ಹಾಗೆ ಹೇಗೆ ತಡೆಯಲಿ ಅಂತ ಕೇಳುತ್ತಿದ್ದೆ. ಅದರ ಬದಲು, ಮನುಷ್ಯರ ಮಾತು ನನಗೆ ಕೇಳಿಸುವ ಹಾಗೆ ಹೇಗೆ ಮಾಡಲಿ ಅಂತ ಕೇಳತೊಡಗಿದೆ. ಎರಡೂ ಒಂದೇ ಅನ್ನಿಸಬಹುದು. ಒಂದೇ ಅಲ್ಲ. ಹತ್ತು ಸಾವಿರ ಬಾಟ್ ಹುಡುಕಾಟ ಒಳಗೆ ಬಂದರೂ ನನಗೆ ಆಗುವ ನಷ್ಟ ಸ್ವಲ್ಪ ವಿದ್ಯುತ್ತು, ಸ್ವಲ್ಪ ಜಾಗ. ಒಬ್ಬರನ್ನು ತಪ್ಪಾಗಿ ಹೊರಗೆ ಹಾಕಿದರೆ, ಈ ತಾಣ ಯಾರಿಗಾಗಿ ಇದೆಯೋ ಅವರನ್ನೇ ಕಳೆದುಕೊಂಡ ಹಾಗೆ.

ಹಾಗಾಗಿ ಮೊದಲು ಮಾಡಿದ್ದು, ಬಾಟ್‌ಗಳಿಗೆ ಸಿಗುತ್ತಿದ್ದ ಲಾಭವನ್ನೇ ತೆಗೆದದ್ದು. ಫಲಿತಾಂಶದ ಪುಟದ ತಲೆಬರಹದಲ್ಲಿ ಈಗ ಬರೀ ‘ಹುಡುಕಾಟ’ ಅಂತ ಇರುತ್ತದೆ, ಬರೆದ ಪದ ಬರುವುದಿಲ್ಲ. ಪುಟದಲ್ಲಿ ‘ನೋಇಂಡೆಕ್ಸ್’ ಅನ್ನುವ ಸೂಚನೆ ಇದೆ. ಅಂದರೆ, ಸರ್ಚ್ ಎಂಜಿನ್‌ಗಳೇ, ಇದನ್ನು ನಿಮ್ಮ ಪಟ್ಟಿಗೆ ಸೇರಿಸಬೇಡಿ.

ಇಲ್ಲಿ ಒಂದು ಸೂಕ್ಷ್ಮ ಇದೆ, ನಾನೇ ಎಡವಿದ್ದು. ಬಾಟ್‌ಗಳು ಎಲ್ಲಿಗೆ ಬರಬಾರದು ಅಂತ ಹೇಳಲು ‘ರೋಬಾಟ್ಸ್’ ಅನ್ನುವ ಒಂದು ಚಿಕ್ಕ ಪಠ್ಯ ಕಡತ ಇರುತ್ತದೆ. 1994ರಲ್ಲಿ ತಂತ್ರಾಂಶ ಎಂಜಿನಿಯರ್ ಮಾರ್ಟೈನ್ ಕೋಸ್ಟರ್ ಸೂಚಿಸಿದ ಪದ್ಧತಿ. ಅದು ಅಧಿಕೃತ ಮಾನದಂಡದ ರೂಪ ಪಡೆದದ್ದು 2022ರಲ್ಲಿ. ಅಷ್ಟು ವರ್ಷ ಬರೀ ಪರಸ್ಪರ ಮರ್ಯಾದೆಯ ಮೇಲೆ ನಡೆದುಕೊಂಡು ಬಂತು. ಈಗಲೂ ಪಾಲಿಸುವವರು ಪಾಲಿಸುತ್ತಾರೆ, ಉಳಿದವರು ಇಲ್ಲ. ನಾನು ಅದರಲ್ಲಿ ಹುಡುಕಾಟದ ಪುಟಗಳಿಗೆ ಬರಬೇಡಿ ಅಂತ ಬರೆದೆ, ಜೊತೆಗೆ ನೋಇಂಡೆಕ್ಸ್ ಕೂಡ ಹಾಕಿದೆ. ವಾರಗಳಾದರೂ ಸರ್ಚ್ ಎಂಜಿನ್‌ನಿಂದ ಆ ಪುಟಗಳು ಹೋಗಲಿಲ್ಲ. ಕಾರಣ ಸರಳ. ಒಳಗೆ ಬರಬೇಡಿ ಅಂದ ಮೇಲೆ, ಒಳಗೆ ಅಂಟಿಸಿದ ಸೂಚನೆಯನ್ನು ಅವರು ಓದುವುದಾದರೂ ಹೇಗೆ? ಮೊದಲು ತಡೆ ತೆಗೆದು, ನೋಇಂಡೆಕ್ಸ್ ಓದಲು ಬಿಟ್ಟು, ಪುಟಗಳು ಪಟ್ಟಿಯಿಂದ ಹೋದ ಮೇಲೆ ಮತ್ತೆ ತಡೆ ಹಾಕಿದೆ.

ಲಾಭ ಹೋದ ಮೇಲೂ ಜಾಹೀರಾತಿನ ಬಾಟ್‌ಗಳು ತಕ್ಷಣ ನಿಲ್ಲಲಿಲ್ಲ. ಯಾರದ್ದೋ ಪಟ್ಟಿಯಲ್ಲಿ ನಮ್ಮ ವಿಳಾಸ ಉಳಿದುಬಿಟ್ಟಿದೆ. ಆದರೆ ಮೊದಲಿಗಿಂತ ಬಹಳ ಕಡಿಮೆ.

ಇನ್ನು ಲಾಗ್. ಈಗ ಯಾರನ್ನೂ ತಿರಸ್ಕರಿಸುವುದಿಲ್ಲ, ವೇಗ ವಿಪರೀತವಾದರೆ ಮಾತ್ರ ತಡೆಯುತ್ತೇನೆ. ಆ ಮಿತಿಯನ್ನು ಯಾವ ಮನುಷ್ಯರೂ ಮುಟ್ಟಲಾರದಷ್ಟು ಮೇಲಿಟ್ಟಿದ್ದೇನೆ. ಸಾಲುಗಳು ಎಲ್ಲವೂ ಬರೆಯಲ್ಪಡುತ್ತವೆ, ಎಣಿಸುವಾಗ ಮಾತ್ರ ಬೇರೆ ಮಾಡುತ್ತೇನೆ. ಹುಡುಕುವ ಪೆಟ್ಟಿಗೆ ಇರುವ ಪುಟ ತೆರೆದಾಗ ಸರ್ವರ್ ಒಂದು ಗುಟ್ಟಿನ ಚೀಟಿ ಕೊಡುತ್ತದೆ, ಹುಡುಕಿದಾಗ ಅದು ವಾಪಸ್ ಬರುತ್ತದೆ. ಚೀಟಿ ಇಲ್ಲದೆ ನೇರವಾಗಿ ಬಂದವು ಹೆಚ್ಚಾಗಿ ಬಾಟ್‌ಗಳು. ಹೆಚ್ಚಾಗಿ ಅಷ್ಟೇ. ಸ್ನೇಹಿತರು ಕಳಿಸಿದ ಲಿಂಕ್ ಒತ್ತಿ ಬಂದವರಲ್ಲೂ ಚೀಟಿ ಇರುವುದಿಲ್ಲ. ಅವರಿಗೆ ಉತ್ತರ ಸಿಗುತ್ತದೆ, ಸಾಲು ಮಾತ್ರ ‘ಅನುಮಾನ’ ಅನ್ನುವ ರಾಶಿಗೆ ಹೋಗುತ್ತದೆ. ಪುಟದಲ್ಲಿ ಕಣ್ಣಿಗೆ ಕಾಣದ ಒಂದು ಖಾಲಿ ಜಾಗವೂ ಇದೆ. ಮನುಷ್ಯರು ಅದನ್ನು ತುಂಬುವುದಿಲ್ಲ, ಅನೇಕ ಬಾಟ್‌ಗಳು ತುಂಬುತ್ತವೆ. ಪರದೆಯನ್ನು ಓದಿ ಹೇಳುವ ತಂತ್ರಾಂಶ ಬಳಸುವವರಿಗೆ ಅದು ಕೇಳಿಸದ ಹಾಗೆ, ಕೀಲಿಯಿಂದ ಅಲ್ಲಿಗೆ ಹೋಗದ ಹಾಗೆ ಮಾಡಬೇಕು. ಇಲ್ಲದಿದ್ದರೆ ಕಣ್ಣು ಕಾಣದವರು ಅದನ್ನು ತುಂಬಿ ಬಾಟ್ ಅನ್ನಿಸಿಕೊಳ್ಳುತ್ತಾರೆ.

ಇವಕ್ಕೆಲ್ಲ ಸಿಗದ ಬಾಟ್‌ಗಳೂ ಇವೆ. ನಿಜವಾದ ಬ್ರೌಸರನ್ನೇ ಪರದೆಯಿಲ್ಲದೆ ಓಡಿಸುವಂಥವು. ಅವನ್ನು ಹಿಡಿಯಲು ಇನ್ನೂ ಒಂದು ದಾರಿ ಇದೆ. ಮೌಸ್ ಹೇಗೆ ಓಡುತ್ತದೆ, ಬೆರಳು ಎಷ್ಟು ವೇಗದಲ್ಲಿ ಟೈಪ್ ಮಾಡುತ್ತದೆ, ಯಾವ ಫೋನ್, ಯಾವ ಫಾಂಟ್‌ಗಳು, ಇದನ್ನೆಲ್ಲ ಕೂಡಿಟ್ಟುಕೊಳ್ಳುವುದು. ಇದರ ಬಗ್ಗೆ ತುಂಬಾ ದಿನ ಯೋಚಿಸಿದೆ. ಬಾಟ್ ಹಿಡಿಯುವ ನೆಪದಲ್ಲಿ ಮನುಷ್ಯರ ಮೇಲೆ ಕಣ್ಣಿಡುವ ಕೆಲಸ ಅದು.

2006ರ ಆಗಸ್ಟ್‌ನಲ್ಲಿ ಅಮೆರಿಕದ ಅಂತರ್ಜಾಲ ಕಂಪನಿ ಎಒಎಲ್ ಸಂಶೋಧಕರಿಗೆ ಅನುಕೂಲವಾಗಲಿ ಅಂತ ಸುಮಾರು ಆರೂವರೆ ಲಕ್ಷ ಜನರ ಸುಮಾರು 2 ಕೋಟಿ ಹುಡುಕಾಟಗಳನ್ನು ಬಹಿರಂಗ ಮಾಡಿತು. ಹೆಸರು ತೆಗೆದು ಸಂಖ್ಯೆ ಹಾಕಿದ್ದರು. ಕೆಲವೇ ದಿನದಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯವರು ಒಂದು ಸಂಖ್ಯೆಯ ಹುಡುಕಾಟಗಳನ್ನು ಮಾತ್ರ ಓದಿಕೊಂಡು, ಅದರ ಹಿಂದಿದ್ದ ವಯಸ್ಸಾದ ಮಹಿಳೆಯ ಮನೆ ಬಾಗಿಲಿಗೇ ಹೋದರು. ಜನ ಹುಡುಕುವ ಪೆಟ್ಟಿಗೆಯಲ್ಲಿ ಯಾರಿಗೂ ಹೇಳದ್ದನ್ನು ಬರೆಯುತ್ತಾರೆ. ಕಾಯಿಲೆ, ಒಂಟಿತನ, ನೆರೆಮನೆಯ ನಾಯಿ, ಎಲ್ಲವನ್ನೂ. ರಿಪೇರಿ ತಾಣದಲ್ಲೂ ನಾನು ಇದನ್ನು ನೋಡಿದ್ದೇನೆ. ಬೀಗದ ಬಗ್ಗೆ ಹುಡುಕುವವರ ಸಾಲಿನಲ್ಲಿ ಕೆಲವೊಮ್ಮೆ ಒಂದು ಭಯ ಇರುತ್ತದೆ. ಆ ಸಾಲುಗಳನ್ನು ಇಲ್ಲಿ ಬರೆಯುವುದಿಲ್ಲ.

ಹಾಗಾಗಿ ಆ ದಾರಿ ಬೇಡ ಅಂದುಕೊಂಡೆ. ಐಪಿ ವಿಳಾಸವನ್ನು ಏಳು ದಿನ ಇಟ್ಟು ಅಳಿಸುತ್ತೇನೆ. ಒಂದು ಭೇಟಿಯ ಹುಡುಕಾಟಗಳು ಒಟ್ಟಿಗಿರುತ್ತವೆ, ಇವತ್ತು ಬಂದವರೂ ಹೋದ ವಾರ ಬಂದವರೂ ಒಬ್ಬರೇ ಅಂತ ಜೋಡಿಸಲು ಆಗದ ಹಾಗೆ ಮಾಡಿದ್ದೇನೆ. ಇದರಿಂದ ಕೆಲವು ಬಾಟ್‌ಗಳು ನನ್ನ ಲೆಕ್ಕದಲ್ಲಿ ಮನುಷ್ಯರಾಗಿ ಉಳಿದುಕೊಳ್ಳುತ್ತವೆ. ಉಳಿಯಲಿ. ಈ ಲಾಗ್ ಇಟ್ಟು ಇಷ್ಟು ದಿನ ಆದ ಮೇಲೆ, ಓದಿದರೆ ನನಗೆ ಬಹುಮಟ್ಟಿಗೆ ಗೊತ್ತಾಗುತ್ತದೆ. ಬಾಟ್ ಸಾವಿರ ಸಲ ಕೇಳಿದರೂ ಅದರ ಪ್ರಶ್ನೆ ಮುಂದಕ್ಕೆ ಹೋಗುವುದಿಲ್ಲ. ಮನುಷ್ಯರು ಕೇಳುವಾಗ, ಎರಡನೇ ಪ್ರಶ್ನೆಗೆ ಮೊದಲನೆಯದು ಸೋತದ್ದು ಗೊತ್ತಿರುತ್ತದೆ. ‘ಗಂಟು’ ಆಗಲಿಲ್ಲವೆಂದು ‘ಸಿಕ್ಕು’, ಅದೂ ಆಗಲಿಲ್ಲವೆಂದು ಪೂರ್ತಿ ವಾಕ್ಯ. ಕಾಗುಣಿತ ತಪ್ಪುತ್ತದೆ, ಮುಂದಿನ ಸಾಲಿನಲ್ಲಿ ತಿದ್ದಿರುತ್ತದೆ. ಕೆಲವರು ಕೊನೆಗೆ ‘ದಯವಿಟ್ಟು’ ಅಂತ ಕೂಡ ಬರೆದಿರುತ್ತಾರೆ, ಪೆಟ್ಟಿಗೆಯ ಆ ಕಡೆ ಯಾರೋ ಕೂತಿದ್ದಾರೆ ಅನ್ನುವ ಹಾಗೆ. ಒಂದು ರೀತಿಯಲ್ಲಿ ಕೂತಿದ್ದೇನೆ, ನಿಜ. ಒಂದು ದಿನ ತಡವಾಗಿ.

ಈಗ ಬೆಳಿಗ್ಗೆ ಎದ್ದು ಸೊನ್ನೆ ಫಲಿತಾಂಶದ ಸಾಲುಗಳನ್ನು ಓದುತ್ತೇನೆ. ವಾರಕ್ಕೊಮ್ಮೆ ಅನುಮಾನದ ರಾಶಿಯನ್ನೂ ತೆರೆದು, ಶೇಕಡಾ ಗುರುತುಗಳನ್ನು ಅಕ್ಷರಕ್ಕೆ ತಿರುಗಿಸಿ ಓದುತ್ತೇನೆ. ಹೆಚ್ಚಿನ ಸಲ ಜೂಜು, ಡಾಲರ್ ಗುರುತು, ಮತ್ತೆ ಜೂಜು. ಹೋದ ವಾರ ಅವುಗಳ ನಡುವೆ ಒಂದು ಸಾಲು ಇತ್ತು: ‘ಸೈಕಲ್ ಗಾಲಿ ಒಂದೇ ಕಡೆ ಉಜ್ಜುತ್ತೆ, ಬ್ರೇಕ್ ಬಿಚ್ಚಿದರೂ’. ಫಲಿತಾಂಶ 0. ಗಾಲಿಯ ರಿಮ್ ಒಂದು ಕಡೆಗೆ ವಾಲಿದೆ, ಆ ಜಾಗದ ಕಡ್ಡಿಗಳ ಬಿಗಿತ ಸರಿಮಾಡಬೇಕು. ನಮ್ಮ ಪುಟದಲ್ಲಿ ‘ಗಾಲಿಯ ಓರೆ ತೆಗೆಯುವುದು’ ಅಂತಿತ್ತು. ‘ಉಜ್ಜು’ ಅನ್ನುವ ಪದ ಎಲ್ಲೂ ಇರಲಿಲ್ಲ. ಮೊದಲ ಸಾಲಿನಲ್ಲೇ ಸೇರಿಸಿದೆ.

ಹೊಲಿಗೆ ಯಂತ್ರದ ಪುಟಕ್ಕೆ ‘ಗಂಟು’ ಮತ್ತು ‘ಸಿಕ್ಕು’ ಸೇರಿಸಿ ಈಗ ತುಂಬಾ ದಿನವಾಯಿತು. ಮೊನ್ನೆ ರಾತ್ರಿಯ ಲಾಗ್‌ನಲ್ಲಿ ಇನ್ಯಾರೋ ಬಂದಿದ್ದರು. ಒಂದು ಹುಡುಕಾಟ, ‘ದಾರ ಗಂಟಾಗ್ತಿದೆ’. ಫಲಿತಾಂಶ 1. ಅದನ್ನು ತೆರೆದಿದ್ದಾರೆ. ಆ ಭೇಟಿಯಲ್ಲಿ ಮತ್ತೊಂದು ಹುಡುಕಾಟ ಇಲ್ಲ.